ಒಂದು ಮೊಳದ ದಾರಿ

ಮೊನ್ನೆ ಬೆಳಿಗ್ಗೆ ಕಾಂಪೌಂಡ್ ಪಕ್ಕದ ದಾಸವಾಳದ ಗಿಡದಲ್ಲಿ ದೇವರಿಗೆ ಹೂ ಬಿಡಿಸಿಕೊಳ್ಳುತ್ತಿದ್ದೆ. ಗೋಡೆಯಾಚೆಯಿಂದ ಹಿಂದಿನ ಮನೆ ಅಕ್ಕ ಇಣುಕಿದರು. ನಾನು ಹೂ ಕೀಳುವ ಹೊತ್ತಿಗೆ ಅವರು ತುಳಸಿಗೆ ನೀರು ಹಾಕೋದು, ಹತ್ತು ನಿಮಿಷ ಇಬ್ಬರೂ ಊರಿನ ಸುದ್ದಿಯನ್ನೆಲ್ಲ ಒಂದು ಸುತ್ತು ಹಾಕಿ ಬರೋದು, ದಿನಾ ಇದ್ದದ್ದೇ. ಅವತ್ತು ಮಾತ್ರ ಚೊಂಬಿನ ನೀರು ಚೊಂಬಿನಲ್ಲೇ ಇತ್ತು. ಮುಖ ಸಣ್ಣಗಾಗಿತ್ತು. ‘ಶುಕ್ರವಾರ ನನಗೆ ಪೈಪ್ ಬಿಡ್ತಾರಂತೆ ಕಣೇ’ ಅಂದರು.

ನಮ್ಮ ಕಡೆ ಎಂಡೋಸ್ಕೋಪಿಗೆ ಅದೇ ಹೆಸರು ಅಲ್ವಾ? ಪೈಪ್ ಬಿಡೋದು. ತೋಟಕ್ಕೆ ನೀರಿನ ಪೈಪ್ ಬಿಟ್ಟಂತೆ. ಆ ಮಾತು ಕಿವಿಗೆ ಬಿದ್ದರೇ ಅರ್ಧ ಜೀವ ಹೋಗುತ್ತೆ. ಅಕ್ಕನಿಗೆ ಮೂರು ತಿಂಗಳಿಂದ ಎದೆಯುರಿ, ಹುಳಿತೇಗು. ರಾತ್ರಿ ಎರಡು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ. ಮೆಡಿಕಲ್ ಸ್ಟೋರಿನವನು ಕೊಟ್ಟ ಗ್ಯಾಸ್ ಮಾತ್ರೆಯಲ್ಲಿ ಇಷ್ಟು ದಿನ ತಳ್ಳಿದ್ದರು. ಡಾಕ್ಟರು ತೂಕ ನೋಡಿ, ರಕ್ತ ಪರೀಕ್ಷೆ ನೋಡಿ, ‘ಒಳಗೇನಿದೆ ಒಂದ್ಸಲ ನೋಡಿಬಿಡೋಣಮ್ಮ’ ಅಂದರಂತೆ. ವಯಸ್ಸಾದವರಿಗೆ ತೂಕ ಇಳೀತಾ ಇದೆ, ರಕ್ತ ಕಡಿಮೆಯಾಗಿದೆ, ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತೆ, ಮಲ ಟಾರಿನ ಹಾಗೆ ಕಪ್ಪಗಾಗುತ್ತೆ ಅಂದರೆ ಡಾಕ್ಟರು ಗ್ಯಾಸ್ ಮಾತ್ರೆ ಬರೆದು ಸುಮ್ಮನೆ ಕೂರೋದಿಲ್ಲ. ಕೂರಲೂಬಾರದು.

‘ಪೈಪು ಗಂಟಲಲ್ಲಿದ್ರೆ ಉಸಿರು ಎಲ್ಲಿಂದ ಆಡೋದೇ?’ ಅನ್ನೋದು ಅಕ್ಕನ ಮೊದಲನೇ ಪ್ರಶ್ನೆ. ಎರಡು ವರ್ಷದ ಹಿಂದೆ ನನ್ನ ಸರದಿ ಬಂದಾಗ ನಾನೂ ಕೇಳಿದ್ದು ಇದನ್ನೇ. ಉಸಿರಿನ ದಾರಿ ಬೇರೆ, ಅನ್ನದ ದಾರಿ ಬೇರೆ. ಪೈಪು ಹೋಗೋದು ಅನ್ನದ ದಾರಿಯಲ್ಲಿ, ಮೂಗಿನ ಉಸಿರು ತನ್ನ ಪಾಡಿಗೆ ತಾನು ನಡೀತಿರುತ್ತೆ. ಇನ್ನು ಅದರ ದಪ್ಪ. ಸುಮಾರು ಒಂದು ಸೆಂಟಿಮೀಟರು, ನಿಮ್ಮ ಕಿರುಬೆರಳಿನಷ್ಟು. ಅಕ್ಕನ ತೌರು ಮಂಡ್ಯದ ಕಡೆ. ‘ಅಕ್ಕ, ನೀವು ಚಿಕ್ಕವರಿದ್ದಾಗಿಂದ ಸೊಪ್ಪಿನ ಸಾರಲ್ಲಿ ಅದ್ದಿ ಅಗಿಯದೇ ನುಂಗಿದ ಮುದ್ದೆ ತುತ್ತು ಇದಕ್ಕಿಂತ ದಪ್ಪ ಇರಲಿಲ್ವಾ?’ ಅಂದೆ. ಸ್ವಲ್ಪ ನಗು ಬಂತು. ‘ಮುದ್ದೆ ಮೆತ್ತಗಿರುತ್ತೆ ಕಣೇ’ ಅಂದರು. ಅದೂ ನಿಜವೇ ಅನ್ನಿ. ಆದರೆ ಪೈಪೂ ಬಗ್ಗುತ್ತೆ, ಬಳುಕುತ್ತೆ. ಅದರ ಮೂತಿಯನ್ನು ಡಾಕ್ಟರು ಕೈಯಲ್ಲಿರೋ ಗಾಲಿ ತಿರುಗಿಸಿ ಮೇಲೆ ಕೆಳಗೆ, ಅತ್ತ ಇತ್ತ ಆಡಿಸ್ತಾರೆ.

ಹಲ್ಲಿನಿಂದ ಜಠರದ ಬಾಗಿಲಿಗೆ ಎಷ್ಟು ದೂರ ಗೊತ್ತಾ? ಸುಮಾರು 40 ಸೆಂಟಿಮೀಟರು. ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಕೊಡ್ತಾಳಲ್ಲ ಒಂದು ಮೊಳ ಮಲ್ಲಿಗೆ, ಅದಕ್ಕಿಂತ ಒಂದೆರಡು ಬೆರಳು ಕಡಿಮೆ. ಅಷ್ಟೇ. ಅಲ್ಲಿಂದ ಜಠರ ದಾಟಿ ಸಣ್ಣ ಕರುಳಿನ ಮೊದಲ ತಿರುವು ನೋಡಿ ವಾಪಸ್ ಬಂದರೆ ಕೆಲಸ ಮುಗೀತು. ನೋಡೋದಕ್ಕೆ ಅಂತಲೇ ಹೋದರೆ ಐದರಿಂದ ಹತ್ತು ನಿಮಿಷ. ನಮ್ಮ ಮನೆಯಲ್ಲಿ ಅನ್ನದ ಕುಕ್ಕರು ಮೂರು ಕೂಗು ಕೂಗೋದಕ್ಕೂ ಅಷ್ಟೇ ಹೊತ್ತು ಬೇಕು.

ನುಂಗೋದು ಅಂದಾಗ ನೆನಪಾಯ್ತು. ನಾನು ಏಳೆಂಟು ವರ್ಷದವಳಿದ್ದಾಗ ಅಪ್ಪ ನಂಜನಗೂಡಿನ ದೊಡ್ಡ ಜಾತ್ರೆಗೆ ಕರಕೊಂಡು ಹೋಗಿದ್ದರು. ತೇರಿನ ಬೀದಿಯಿಂದ ಸ್ವಲ್ಪ ಆಚೆ ಒಬ್ಬ ಕತ್ತಿ ನುಂಗುತ್ತಿದ್ದ. ಹೆಗಲ ಮೇಲಿನ ಬಟ್ಟೆಯಿಂದ ಕತ್ತಿ ಒರೆಸಿ, ತಲೆ ಪೂರಾ ಹಿಂದಕ್ಕೆ ಚಾಚಿ, ಆಕಾಶ ನೋಡುತ್ತಾ ಇಳಿಸಿದ. ಕತ್ತು, ಎದೆ ಎಲ್ಲ ಒಂದೇ ಗೆರೆ ಎಳೆದ ಹಾಗೆ ನೆಟ್ಟಗೆ. ಹಿಡಿ ಮಾತ್ರ ತುಟಿಯ ಮೇಲೆ ಉಳೀತು. ನಾನು ಅಪ್ಪನ ಪಂಚೆಯಲ್ಲಿ ಮುಖ ಮುಚ್ಚಿಕೊಂಡೆ. ಅಪ್ಪ ನಾಲ್ಕಾಣೆ ಕೊಟ್ಟರು. ದಾರಿಯುದ್ದಕ್ಕೂ ‘ಅವನಿಗೆ ವಾಂತಿ ಯಾಕೆ ಬರಲಿಲ್ಲ?’ ಅಂತ ಕೇಳಿ ಕೇಳಿ ಅವರ ಪ್ರಾಣ ತಿಂದಿದ್ದೆ.

ಈ ಎಂಡೋಸ್ಕೋಪಿಗೆ ಅಂಥವರೇ ಮೂಲಪುರುಷರು ಅಂತ ಎಷ್ಟೋ ವರ್ಷದ ಮೇಲೆ ಓದಿ ಗೊತ್ತಾಯ್ತು. ಜರ್ಮನಿಯ ಫ್ರೈಬರ್ಗ್‌ನಲ್ಲಿ ಅಡಾಲ್ಫ್ ಕುಸ್‌ಮೌಲ್ ಅಂತ ಒಬ್ಬ ಡಾಕ್ಟರು. 1868ರಲ್ಲಿ ಜಠರದ ಒಳಗೆ ಇಣುಕಿ ನೋಡಬೇಕು ಅಂತ ಹೊರಟರು. 47 ಸೆಂಟಿಮೀಟರಿನ ಗಟ್ಟಿ ಕೊಳವೆ. ಬಗ್ಗೋದಿಲ್ಲ, ಬಳುಕೋದಿಲ್ಲ. ಅದನ್ನು ನುಂಗೋರು ಯಾರು? ಕತ್ತಿ ನುಂಗುವ ಒಬ್ಬನನ್ನೇ ಕರೆಸಿದರು. ಅವನಿಗೆ ಅದು ದಿನದ ಕೆಲಸ, ನುಂಗಿಬಿಟ್ಟ. ಆದರೆ ಆಗಿನ ದೀಪದ ಬೆಳಕು ಆ ಕತ್ತಲೆಗೆ ಸಾಲಲಿಲ್ಲ. ದಾರಿ ಇದೆ ಅಂತ ತಿಳೀತು, ಊರು ಕಾಣಲಿಲ್ಲ.

ಊರು ಕಾಣಿಸಿದ್ದು ಗಾಜಿನ ಎಳೆ ಬಂದ ಮೇಲೆ. ಅದರ ಹಿಂದೆ ನಮ್ಮ ದೇಶದವರೊಬ್ಬರು ಇದ್ದಾರೆ ಕಣ್ರೀ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ. ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಕೂತು, ಕೂದಲೆಳೆಯಂಥ ಗಾಜಿನ ಎಳೆಗಳ ಕಂತೆಯೊಳಗಿಂದ ಚಿತ್ರವನ್ನೇ ಸಾಗಿಸಬಹುದು, ಕಂತೆ ಬಗ್ಗಿದರೂ ಚಿತ್ರ ಬರುತ್ತೆ ಅಂತ 1954ರಲ್ಲಿ ಬರೆದರು. ಅದನ್ನು ಓದಿದ ಬೇಸಿಲ್ ಹಿರ್ಷೊವಿಟ್ಜ್ ಅನ್ನೋ ಡಾಕ್ಟರು ಅಮೆರಿಕದ ಮಿಷಿಗನ್‌ನಲ್ಲಿ ಜೊತೆಗಾರರೊಡನೆ ಬಗ್ಗುವ ಪೈಪು ಮಾಡಿಸಿದರು. 1957ರಲ್ಲಿ ಅದು ಕೈಗೆ ಬಂದಾಗ ಮೊದಲು ಇಳಿಸಿಕೊಂಡಿದ್ದು ಯಾರ ಗಂಟಲಿಗೆ? ತಮ್ಮ ಗಂಟಲಿಗೇ. ರೋಗಿಗೆ ಆಮೇಲೆ. ನನಗೆ ಆ ಮನುಷ್ಯರ ಮೇಲೆ ತುಂಬ ಗೌರವ. ಈಗಿನ ಪೈಪಿನ ತುದಿಯಲ್ಲಿ ಪುಟ್ಟ ಕ್ಯಾಮೆರಾನೇ ಇರುತ್ತೆ, ಒಳಗಿನದೆಲ್ಲ ಟೀವಿಯಲ್ಲಿ ಕಾಣುತ್ತೆ.

ಎಲ್ಲಿದ್ದೆ? ಹಾಂ, ಅಕ್ಕ. ‘ಬರಿ ಹೊಟ್ಟೇಲಿ ಬನ್ನಿ ಅಂದಿದಾರೆ. ನಂಗೆ ಉಪವಾಸ ಹೊಸದಾ? ಏಕಾದಶಿ ಮಾಡಿದೋಳು’ ಅಂದರು. ಅಲ್ಲೇ ನನಗೆ ಭಯವಾಗಿದ್ದು. ನಮ್ಮ ಏಕಾದಶಿ ಏನು ಅಂತ ಗೊತ್ತಲ್ಲ? ಅನ್ನ ಒಂದು ಇಲ್ಲ. ಅವಲಕ್ಕಿ ಉಂಟು, ಉಪ್ಪಿಟ್ಟು ಉಂಟು, ಬಾಳೆಹಣ್ಣು ಉಂಟು, ಹಾಲು ಉಂಟು. ದೇವರು ಒಪ್ಪಿಕೊಳ್ತಾನೆ, ಎಂಡೋಸ್ಕೋಪಿ ಒಪ್ಪೋದಿಲ್ಲ. ಗಟ್ಟಿ ಪದಾರ್ಥ ಅಂದರೆ 6ರಿಂದ 8 ಗಂಟೆ ಹಿಂದೆಯೇ ನಿಲ್ಲಬೇಕು. ಬರೀ ನೀರನ್ನು ಒಂದೊಂದು ಗುಟುಕು ಹೆಚ್ಚಾಗಿ ಎರಡು ಗಂಟೆ ಮುಂಚಿನವರೆಗೂ ಬಿಡ್ತಾರೆ, ಆದರೆ ಅವರು ಹೇಳಿದ ಗಂಟೆಯೇ ಗಂಟೆ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರೋದಿಲ್ಲ, ಊಟದ ಲೆಕ್ಕ. ಇದು ನಮ್ಮ ಮೈಸೂರಿನ ಕಡೆಯ ಜನಕ್ಕೆ ಬಹಳ ಕಷ್ಟ. ನನಗಿಂತ ಮುಂದಿನ ನಂಬರಿನಲ್ಲಿದ್ದ ಯಜಮಾನರೊಬ್ಬರು, ‘ಏನೂ ತಗೊಂಡಿಲ್ಲ’ ಅಂತ ಮೂರು ಸಲ ಹೇಳಿ, ಮೇಜಿನ ಹತ್ತಿರ ಹೋದ ಮೇಲೆ, ‘ಬರೋವಾಗ ಅರ್ಧ ಲೋಟ ಕಾಫಿ’ ಅಂದರು. ವಾಪಸ್ ಕಳಿಸಿದರು. ಅವರ ಹೆಂಡತಿ ಮಾಡಿದ ಶಾಸ್ತಿ ನೆನೆದರೆ ಈಗಲೂ ಪಾಪ ಅನ್ನಿಸುತ್ತೆ. ಆದರೆ ಅವರು ಹೇಳಿದ್ದೇ ಪುಣ್ಯ. ಹೊಟ್ಟೇಲಿ ಇದ್ದದ್ದು ಮೇಲೆ ಉಕ್ಕಿ ಶ್ವಾಸಕೋಶಕ್ಕೆ ಹೋದರೆ ಆಗೋ ಅನಾಹುತದ ಮುಂದೆ ಒಂದು ದಿನ ತಡವಾಗೋದು ಯಾವ ಲೆಕ್ಕ, ಅಲ್ವಾ?

ಆಮೇಲೆ ಅಕ್ಕನ ಮಾತ್ರೆ ಡಬ್ಬ. ಗೋಡೆ ಮೇಲೇ ತರಿಸಿದೆ. ಹಾರ್ಲಿಕ್ಸಿನ ಹಳೇ ಡಬ್ಬಿ, ಅದರೊಳಗೆ ಕತ್ತರಿಸಿದ ಪಟ್ಟಿಗಳು, ಅರ್ಧರ್ಧ ಹೆಸರು. ಸಕ್ಕರೆ ಮಾತ್ರೆ, ಬೀಪಿ ಮಾತ್ರೆ, ಮಂಡಿನೋವಿಗೆ ಯಾರೋ ಹೇಳಿದ ಕೆಂಪು ಮಾತ್ರೆ, ಕಬ್ಬಿಣದ ಮಾತ್ರೆ, ಜೊತೆಗೆ ಒಂದು ಕಷಾಯದ ಪುಡಿ. ‘ಇದನ್ನೆಲ್ಲ ಡಾಕ್ಟರಿಗೆ ಹೇಳಿದೀರಾ?’ ಅಂದರೆ, ‘ಹೊಟ್ಟೆ ಡಾಕ್ಟರಿಗೆ ಮಂಡಿ ವಿಷಯ ಯಾಕೆ?’ ಅಂದರು. ಬೇಕು ಅಕ್ಕ, ಬೇಕೇ ಬೇಕು! ಮಂಡಿನೋವಿನ ಮಾತ್ರೆಗಳಲ್ಲಿ ಎಷ್ಟೋ ಮಾತ್ರೆ ಹೊಟ್ಟೆಯಲ್ಲೇ ಹುಣ್ಣು ಮಾಡ್ತಾವೆ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಗಾಗುತ್ತೆ, ಅದನ್ನು ಹೇಳದಿದ್ದರೆ ರಕ್ತ ಹೋಗಿದೆಯೋ ಏನೋ ಅಂತ ಅವರು ತಲೆ ಕೆಡಿಸಿಕೊಳ್ಳಬೇಕು. ಸಕ್ಕರೆ ಮಾತ್ರೆಯನ್ನು ಅಭ್ಯಾಸಬಲದಲ್ಲಿ ಬರಿ ಹೊಟ್ಟೆಗೆ ನುಂಗಿದರೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬಂದೀತು. ಅದಕ್ಕೇ ಸಕ್ಕರೆ ಕಾಯಿಲೆಯವರು ಬೆಳಗಿನ ಮೊದಲನೇ ಸರದಿಯನ್ನೇ ಕೇಳಿ ಪಡೆಯಬೇಕು. ಮಾತ್ರೆ, ಇನ್ಸುಲಿನ್ ಏನು ಮಾಡಬೇಕು ಅಂತ ಹಿಂದಿನ ದಿನವೇ ಕೇಳಿಕೊಳ್ಳಬೇಕು. ಗ್ಯಾಸ್ ಮಾತ್ರೆಗೂ ಅಷ್ಟೇ. ಹೊಟ್ಟೆಯ ಕ್ರಿಮಿ ಪರೀಕ್ಷೆ ಮಾಡೋದಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ ಅಂತ ಹೇಳೋದುಂಟು, ಇಲ್ಲದಿದ್ದರೆ ಕ್ರಿಮಿ ಅಡಗಿ ಕೂತು ಸಿಕ್ಕೋದಿಲ್ಲ.

ನಮ್ಮ ಚಿಕ್ಕಪ್ಪನಿಗೆ ಹೃದಯದಲ್ಲಿ ಸ್ಟೆಂಟ್ ಇದೆ. ಅವರು ಎಂಡೋಸ್ಕೋಪಿ ಅಂದ ತಕ್ಷಣ, ಯಾರೋ ಹೇಳಿದರು ಅಂತ ರಕ್ತ ತೆಳು ಮಾಡೋ ಮಾತ್ರೆಯನ್ನು ತಾವೇ ನಿಲ್ಲಿಸಿಬಿಟ್ಟಿದ್ದರು. ಚಿಕ್ಕಮ್ಮನ ಕಣ್ಣಿಗೆ ಬಿದ್ದು ಬಚಾವಾದರು. ಆ ಮಾತ್ರೆ ನಿಲ್ಲಿಸೋದೋ ಬೇಡವೋ ಅನ್ನೋದನ್ನು ಹೃದಯದ ಡಾಕ್ಟರು, ಹೊಟ್ಟೆ ಡಾಕ್ಟರು ಮಾತಾಡಿಕೊಂಡು ಹೇಳಬೇಕು. ಬರೀ ನೋಡೋದಕ್ಕಾದರೆ ಎಷ್ಟೋ ಸಲ ನಿಲ್ಲಿಸೋದೇ ಬೇಕಾಗೋದಿಲ್ಲ.

ಇದನ್ನೆಲ್ಲ ಆಸ್ಪತ್ರೆಯವರು ಹೇಳಲಿಲ್ವಾ ಅಂತ ಕೇಳ್ತೀರಿ. ಒಂದು ಹಾಳೆ ಕೊಟ್ಟಿದ್ದರು. ಪೂರ್ತಿ ಇಂಗ್ಲಿಷು. ಅಕ್ಕ ಕನ್ನಡ ಪೇಪರನ್ನು ಮೊದಲ ಪುಟದಿಂದ ಪದಬಂಧದವರೆಗೆ ಓದೋರು. ಅವರ ಕೈಗೆ ಆ ಹಾಳೆ ಕೊಟ್ಟರೆ ಅವರು ಅದನ್ನು ಮಡಚಿ ಪರ್ಸಿನಲ್ಲಿಡದೆ ಇನ್ನೇನು ಮಾಡಿಯಾರು? ಇದು ನನಗೆ ನಿಜಕ್ಕೂ ಬೇಜಾರು. ಹತ್ತು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿಸೋದಕ್ಕೆ ಏನು ಕಷ್ಟ? ಅರ್ಧ ಲೋಟ ಕಾಫಿಯ ಯಜಮಾನರೂ ಅಂಥದ್ದೇ ಒಂದು ಹಾಳೆ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಅಕ್ಕನ ಹಾಳೆಯ ಹಿಂಬದಿಯಲ್ಲಿ ನಾನೇ ಕನ್ನಡದಲ್ಲಿ ಬರೆದುಕೊಟ್ಟೆ, ದಪ್ಪ ಅಕ್ಷರದಲ್ಲಿ.

‘ಎಲ್ಲರ ಬಾಯಿಗೂ ಅದೇ ಪೈಪಾ? ಎಂಜಲು ಅಲ್ವೇನೇ?’ ಇದನ್ನು ಅಕ್ಕ ಗುಟ್ಟಾಗಿ ಕೇಳಿದರು. ಕೇಳಲೇಬೇಕಾದ ಪ್ರಶ್ನೆ, ಇದರಲ್ಲಿ ನಾಚಿಕೆ ಎಂಥದ್ದು? ಪೈಪು ಅದೇ. ಆದರೆ ಪ್ರತಿಯೊಬ್ಬರಾದ ಮೇಲೂ ಅದನ್ನು ತೊಳೆದು, ಒಳಗಿನ ಸಣ್ಣ ಕಿಂಡಿಗಳಲ್ಲೆಲ್ಲ ಉದ್ದನೆಯ ಬ್ರಷ್ ಹಾಯಿಸಿ, ಕ್ರಿಮಿ ಸಾಯುವ ದ್ರಾವಣದಲ್ಲಿ ಹೊತ್ತು ಲೆಕ್ಕ ಹಾಕಿ ಮುಳುಗಿಸಿ, ಮತ್ತೆ ತೊಳೆದು ಒಣಗಿಸಬೇಕು ಅನ್ನೋದು ನಿಯಮ. ‘ತೊಳೆದಿದೀರಾ ಸಿಸ್ಟರ್?’ ಅಂತ ಬಾಯಿಬಿಟ್ಟು ಕೇಳಿದರೆ ಒಳ್ಳೇ ಸಿಸ್ಟರ್ ಬೇಜಾರು ಮಾಡಿಕೊಳ್ಳೋದಿಲ್ಲ. ನಾನು ಕೇಳಿದ್ದೆ. ಅವಳು ಕೈ ಹಿಡಿದು ಕರಕೊಂಡು ಹೋಗಿ, ಗೂಟಕ್ಕೆ ನೇತುಹಾಕಿದ್ದ ಪೈಪುಗಳನ್ನು ತೋರಿಸಿದಳು. ಕರೀ ಹಾವುಗಳ ಹಾಗೆ ಸಾಲಾಗಿ ಜೋತುಬಿದ್ದಿದ್ದವು.

ಒಳಗೆ ಹೋದ ಮೇಲಿನ ಕಥೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ಗಾಬರಿ ಹುಟ್ಟೋದೇ ಅಲ್ಲಿ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ತೆಗೆದಿಡಿ ಅಂತಾರೆ. ಅಲ್ಲಾಡೋ ಹಲ್ಲಿದ್ದರೆ ಹೇಳಬೇಕು. ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸ್ತಾರೆ, ಆಕ್ಸಿಜನ್ ನೋಡೋದಕ್ಕೆ. ಉಗುರಿಗೆ ಬಣ್ಣ ಇದ್ದರೆ ಲೆಕ್ಕ ತಪ್ಪಬಹುದು, ಮನೆಯಲ್ಲೇ ಅಳಿಸಿಕೊಂಡು ಹೋಗೋದು ವಾಸಿ. ಆಮೇಲೆ ಗಂಟಲಿಗೆ ಸ್ಪ್ರೇ. ಕಹಿ ಅಂದರೆ ಕಹಿ. ಒಂದೆರಡು ನಿಮಿಷಕ್ಕೆ ನಾಲಿಗೆಯ ಬುಡ ದಪ್ಪಗಾಯ್ತು, ಗಂಟಲು ಊದಿಕೊಂಡು ಮುಚ್ಚೇ ಹೋಯ್ತು ಅನ್ನಿಸಿತು. ಉಗುಳು ನುಂಗಿದರೆ ಹೋಯ್ತೋ ಇಲ್ಲವೋ ತಿಳೀಲಿಲ್ಲ. ನಿಜವಾಗಿ ಏನೂ ಊದಿರೋದಿಲ್ಲ ಕಣ್ರೀ! ಮರಗಟ್ಟಿರುತ್ತೆ, ಅಷ್ಟೇ. ಕಾಲು ಜೋಮು ಹಿಡಿದಾಗ ಕಾಲೇ ದಪ್ಪಗಾದ ಹಾಗೆ ಅನ್ನಿಸೋದಿಲ್ವಾ, ಅದೇ. ಇದೊಂದು ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಎದೆ ಅಷ್ಟು ಹೊಡೆದುಕೊಳ್ತಿರಲಿಲ್ಲ.

ಎಡಮಗ್ಗುಲಿಗೆ ಮಲಗಿಸಿದರು. ಕೆನ್ನೆಯ ಕೆಳಗೆ ಟವೆಲ್ಲು. ಹಲ್ಲಿನ ಮಧ್ಯೆ ತೂತಿರುವ ಪ್ಲಾಸ್ಟಿಕ್ಕಿನ ಬಳೆಯಂಥದ್ದು ಕಚ್ಚಿಸಿದರು, ಪೈಪು ಹೋಗೋದು ಅದರೊಳಗಿಂದ. ಗಂಟಲ ತಿರುವಿನಲ್ಲಿ ‘ನುಂಗಿಯಮ್ಮಾ’ ಅಂದರು. ಒಂದು ಸಲ ವಾಕರಿಕೆ ಬಂತು, ಕಣ್ಣಲ್ಲಿ ನೀರು. ಆ ತಿರುವು ದಾಟಿದ ಮೇಲೆ ಸಲೀಸು. ಅಲ್ಲಿಂದ ಮುಂದೆ ಉಗುಳು ನುಂಗಬಾರದು. ಜೊಲ್ಲು ತಾನಾಗಿ ಸುರಿಯಲಿ ಅಂತ ಬಿಟ್ಟುಬಿಡಬೇಕು. ನಮ್ಮ ಹೆಂಗಸರಿಗೆ ಇದೇ ಕಷ್ಟ. ಹೊಸಬರ ಮುಂದೆ ಜೊಲ್ಲು ಸುರಿಸೋದಾ ಅಂತ ನುಂಗೋಕೆ ಹೋಗ್ತೀವಿ, ಕೆಮ್ಮು ಹತ್ತುತ್ತೆ. ಟವೆಲ್ ಇಟ್ಟಿರೋದೇ ಅದಕ್ಕೆ. ಒಳಗೆ ಗಾಳಿ ಊದ್ತಾರೆ, ಮುದುರಿಕೊಂಡ ಜಠರ ಹಿಗ್ಗಿದರೆ ತಾನೇ ಮಡಿಕೆ ಮಡಿಕೆ ಕಾಣೋದು? ಹೊಟ್ಟೆ ಬಿಗಿಯುತ್ತೆ, ತೇಗು ಬರುತ್ತೆ. ಬರಲಿ. ಒಬ್ಬ ಸಿಸ್ಟರ್ ನನ್ನ ಭುಜದ ಮೇಲೆ ಕೈ ಇಟ್ಟು, ‘ಮೂಗಲ್ಲಿ ತಗೊಳ್ಳಿ, ನಿಧಾನಕ್ಕೆ ಬಿಡಿ, ತಗೊಳ್ಳಿ, ಬಿಡಿ’ ಅಂತ ಜೋಗುಳದ ಲಯದಲ್ಲಿ ಹೇಳ್ತಾ ಇದ್ದಳು. ಇವತ್ತಿಗೂ ರಾತ್ರಿ ನಿದ್ದೆ ಬಾರದಿದ್ದರೆ ಆ ಹುಡುಗಿಯ ದನಿ ನೆನಪು ಮಾಡಿಕೊಳ್ತೀನಿ.

ಬಯಾಪ್ಸಿ ಅಂದ ಕೂಡಲೇ ಕ್ಯಾನ್ಸರ್ ಅಂತ ಹೆದರಿಕೊಳ್ಳಬೇಡಿ ಅಂತ ಅಕ್ಕನಿಗೆ ಎರಡು ಸಲ ಹೇಳಿದೆ. ಬಹಳಷ್ಟು ಜನಕ್ಕೆ ತೆಗೀತಾರೆ, ಅಕ್ಕಿಕಾಳಿಗಿಂತ ಚಿಕ್ಕ ಚೂರು. ಜಠರದ ಒಳಪದರವನ್ನು ಚಿವುಟಿದರೆ ನೋವು ಗೊತ್ತಾಗೋದಿಲ್ಲ, ಹಿಗ್ಗಿಸಿದರೆ ಮಾತ್ರ ಗೊತ್ತಾಗುತ್ತೆ. ಆ ಚೂರನ್ನು ಹಳದಿ ಬಣ್ಣದ ಪುಟ್ಟ ಶೀಷೆಗೋ ಬಿಲ್ಲೆಗೋ ಹಾಕಿಡ್ತಾರೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಕ್ರಿಮಿ ಇದ್ದರೆ ಹಳದಿ ಹೋಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ನನಗೆ ಅದನ್ನು ಕೇಳಿ ನಮ್ಮ ಓಕುಳಿ ನೆನಪಾಯ್ತು. ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣ ಹಾಕಿದರೆ ಕೆಂಪಗಾಗೋದಿಲ್ವಾ, ಆರತಿ ತಟ್ಟೆಯಲ್ಲಿ? ಎರಡರ ಗುಟ್ಟೂ ಒಂದೇ. ಸುಣ್ಣ ಕ್ಷಾರ. ಈ ಕ್ರಿಮಿ ಜಠರದ ಹುಳಿಯಲ್ಲಿ ಬದುಕೋದಕ್ಕೆ ಅಮೋನಿಯಾ ಅನ್ನೋ ಕ್ಷಾರವನ್ನು ತಾನೇ ಹುಟ್ಟಿಸಿಕೊಳ್ಳುತ್ತೆ. ಅದರ ಜಾಣತನವೇ ಅದನ್ನು ಹಿಡಿದುಕೊಡುತ್ತೆ ನೋಡಿ.

ಮೊದಲೆಲ್ಲ ಹೊಟ್ಟೆಹುಣ್ಣು ಅಂದರೆ ಚಿಂತೆಯಿಂದ, ಖಾರದಿಂದ ಅಂತಿದ್ದರು. ನಮ್ಮಜ್ಜಿಗೂ ಹಾಗೇ ಹೇಳಿ ಹೇಳಿ, ಅವರು ಸಾರಿಗೆ ಮೆಣಸಿನಕಾಯಿ ಹಾಕೋದನ್ನೇ ಬಿಟ್ಟಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅಂತ ಇಬ್ಬರು ಡಾಕ್ಟರು, ಅಲ್ಲ, ಇದು ಕ್ರಿಮಿಯ ಕೆಲಸ ಅಂದರು. ಯಾರೂ ಸುಲಭಕ್ಕೆ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಮೊದಲು ಎಂಡೋಸ್ಕೋಪಿ ಮಾಡಿಸಿಕೊಂಡು ತನ್ನ ಹೊಟ್ಟೆ ಚೆನ್ನಾಗಿದೆ ಅಂತ ತೋರಿಸಿ, ಆಮೇಲೆ ಆ ಕ್ರಿಮಿ ಬೆಳೆಸಿದ ದ್ರಾವಣವನ್ನು ಗಟಗಟ ಕುಡಿದರು. ಕೆಲವೇ ದಿನಕ್ಕೆ ವಾಂತಿ, ಬಾಯಿ ನಾತ. ಮತ್ತೆ ಪೈಪು ಇಳಿಸಿ ನೋಡಿದರೆ ಒಳಗೆಲ್ಲ ಉರಿಯೂತ, ಕ್ರಿಮಿಗಳ ಸಂತೆ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮಜ್ಜಿಗೆ ಎರಡು ವಾರದ ಮಾತ್ರೆ ಸಿಕ್ಕಿದ್ದರೆ ಖಾರದ ಸಾರು ಉಣ್ಣುತ್ತಿದ್ದರೋ ಏನೋ.

ಮಂಪರು ಬರೋ ಇಂಜೆಕ್ಷನ್ ತಗೊಳ್ಳೋದಾ ಬೇಡವಾ ಅಂತ ಅಕ್ಕನಿಗೆ ಗೊಂದಲ. ಎರಡೂ ಉಂಟು, ಕೇಳಿ ತೀರ್ಮಾನ ಮಾಡಿಕೊಳ್ಳಬಹುದು. ಬರೀ ಸ್ಪ್ರೇ ಆದರೆ ಅರ್ಧ ಗಂಟೆ ಬಿಟ್ಟು ಎದ್ದು ಮನೆಗೆ ಬರಬಹುದು. ಇಂಜೆಕ್ಷನ್ ಆದರೆ ಅಷ್ಟಾಗಿ ಏನೂ ತಿಳಿಯೋದಿಲ್ಲ. ಆದರೆ ಮಾರನೇ ದಿನದವರೆಗೆ ಗಾಡಿ ಓಡಿಸಬಾರದು, ಬ್ಯಾಂಕಿನ ಕಾಗದಕ್ಕೆ ರುಜು ಹಾಕಬಾರದು, ಜೊತೆಗೆ ಒಬ್ಬರು ಇರಲೇಬೇಕು. ನಮ್ಮ ಚಿಕ್ಕಪ್ಪ ಇಂಜೆಕ್ಷನ್ ತಗೊಂಡಿದ್ದರು. ಎಚ್ಚರಾದ ಮೇಲೆ ಡಾಕ್ಟರು ಬಂದು ಎಲ್ಲ ವಿವರ ಹೇಳಿದರು. ಇವರು ಗಂಭೀರವಾಗಿ ತಲೆ ಆಡಿಸಿದರು, ಥ್ಯಾಂಕ್ಸ್ ಅಂದರು. ಅವರು ಆಚೆ ಹೋದ ಮೇಲೆ, ‘ಇನ್ನೂ ಶುರು ಮಾಡಲಿಲ್ವೇನೇ?’ ಅಂತ ಚಿಕ್ಕಮ್ಮನನ್ನು ಕೇಳಿದರು. ಐದು ಸಲ ಕೇಳಿದರಂತೆ! ಆ ಔಷಧಿಯ ಗುಣವೇ ಹಾಗೆ, ಆ ಹೊತ್ತಿನ ನೆನಪು ನಿಲ್ಲೋದಿಲ್ಲ. ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಳ್ಳೋದಕ್ಕೆ ಇನ್ನೊಂದು ಜೊತೆ ಕಿವಿ ಬೇಕು ಅನ್ನೋದು ಅದಕ್ಕೇ.

ಅಪಾಯವೇ ಇಲ್ಲವಾ ಅಂದರೆ, ಇಲ್ಲ ಅಂತ ಸುಳ್ಳು ಹೇಳಲಾರೆ. ಬರೀ ನೋಡೋ ಪರೀಕ್ಷೆಯಲ್ಲಿ ತೂತಾಗೋದು, ರಕ್ತ ಸೋರೋದು ತೀರಾ ಅಪರೂಪ. ಒಂದೆರಡು ದಿನ ಗಂಟಲು ಕೆರೆದ ಹಾಗಿರುತ್ತೆ, ಹೊಟ್ಟೆ ಉಬ್ಬಿರುತ್ತೆ, ಅದು ಸಹಜ. ಎದೆಯಲ್ಲೋ ಹೊಟ್ಟೆಯಲ್ಲೋ ತಡೆಯಲಾರದ ನೋವು, ಜ್ವರ, ಉಸಿರು ಕಟ್ಟೋದು, ರಕ್ತ ವಾಂತಿ, ಕಪ್ಪು ಮಲ ಇದ್ದರೆ ಮಾತ್ರ ಬೆಳಗಾಗಲಿ ಅಂತ ಕಾಯಬಾರದು. ಆ ಕ್ಷಣ ಆಸ್ಪತ್ರೆಗೆ.

ಶುಕ್ರವಾರ ಅಕ್ಕನ ಮಗನಿಗೆ ರಜೆ ಸಿಗಲಿಲ್ಲ, ನಾನೇ ಜೊತೆಗೆ ಹೋದೆ. ಹಾಳೆಯ ಹಿಂಬದಿ ಓದಿಕೊಂಡು, ಹಾರ್ಲಿಕ್ಸ್ ಡಬ್ಬಿ ಸಮೇತ ಬಂದಿದ್ದರು. ಸಿಸ್ಟರಿಗೆ ಮಂಡಿನೋವಿನ ಕೆಂಪು ಮಾತ್ರೆಯನ್ನು ತಾವೇ ಎತ್ತಿ ತೋರಿಸಿದರು. ಇಂಜೆಕ್ಷನ್ ಬೇಡ ಅಂದರು. ನಾನು ಹೊರಗಡೆ ಬೆಂಚಿನ ಮೇಲೆ ಅವರ ಬಳೆ, ಕನ್ನಡಕ, ಹಲ್ಲಿನ ಸೆಟ್ಟು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಗೋಡೆ ಗಡಿಯಾರದಲ್ಲಿ ಏಳು ನಿಮಿಷ. ಹೊರಗೆ ಬಂದವರೇ ಕೈಯಲ್ಲಿ ಒಂದು ಮೊಳ ಅಳೆದು ತೋರಿಸಿದರು, ಮಾತು ಇನ್ನೂ ತೊದಲುತ್ತಿತ್ತು. ಕೆಂಪು ಮಾತ್ರೆ ನಿಲ್ಲಿಸಬೇಕಂತೆ. ಜಠರದ ಕೆಳಗಡೆ ಒಂದು ಸಣ್ಣ ಹುಣ್ಣು. ಹಳದಿ ಬಿಲ್ಲೆ ಗುಲಾಬಿಯಾಗಿತ್ತು. 14 ದಿನದ ಮಾತ್ರೆ, ಒಂದು ಹೊತ್ತೂ ತಪ್ಪಿಸಬಾರದು ಅಂತ ಡಾಕ್ಟರು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ.

ಮನೆಗೆ ಬಂದದ್ದೇ ಗಂಜಿ ಮಾಡಿ ಆರಿಸಿಟ್ಟೆ. ಗಂಟಲ ಜೋಮು ಇಳಿಯೋವರೆಗೆ ಏನೂ ಕೊಡೋ ಹಾಗಿಲ್ಲ, ಶ್ವಾಸನಾಳಕ್ಕೆ ಹೋದರೂ ತಿಳಿಯೋದಿಲ್ಲ, ಬಿಸಿ ಸುಟ್ಟರೂ ತಿಳಿಯೋದಿಲ್ಲ. ಒಂದು ಗಂಟೆ ಬಿಟ್ಟು ಗೋಡೆ ಮೇಲಿಂದ ಮೊದಲು ಒಂದು ಚಮಚ ನೀರು ಕೊಟ್ಟೆ. ಕೆಮ್ಮಲಿಲ್ಲ. ಇನ್ನೊಂದು ಚಮಚ. ಆಮೇಲೆ ಲೋಟದಲ್ಲಿ ಗಂಜಿ. ಅಕ್ಕ ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಬಾಯಲ್ಲೇ ಆಡಿಸಿ ನುಂಗಿ, ಲೋಟವನ್ನು ಗೋಡೆ ಮೇಲಿಟ್ಟರು.

‘ಉಪ್ಪು ಸಾಲದು ಕಣೇ’ ಅಂದರು.